ಹಗುರ ಕಾರು ಮತ್ತು ಪರಿಗ್ರಹದ ತೂಕ

ಗೃಹಸ್ಥನ ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹ ಪರಿಮಾಣ ವ್ರತದ ಹೆಸರು ಕೇಳದ ಜೈನ ಮನೆ ಇರಲಾರದು. ಆದರೆ ಅದರ ಅತಿಚಾರಗಳನ್ನು, ಎಂದರೆ ವ್ರತವು ಹೊರಗೆ ಮುರಿಯದೆ ಒಳಗೊಳಗೇ ಸವೆಯುವಂತೆ ಮಾಡುವ ದೋಷಗಳನ್ನು, ನಾವು ಅಷ್ಟಾಗಿ ನೆನಪಿಟ್ಟುಕೊಳ್ಳುವುದಿಲ್ಲ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೊಲ ಮನೆ, ಬೆಳ್ಳಿ ಬಂಗಾರ, ಧನ ಧಾನ್ಯ ಮೊದಲಾದವುಗಳ ಮಿತಿಯನ್ನು ಮೀರುವುದನ್ನೇ ಅತಿಚಾರಗಳೆಂದು ಎಣಿಸಿದರು. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊಟ್ಟ ಪಟ್ಟಿ ಬೇರೆಯದು: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಈ ಐದರಲ್ಲಿ ಮೊದಲನೆಯದು ವಾಹನಕ್ಕೆ ಸಂಬಂಧಿಸಿದ್ದು. ಕೊನೆಯದು ಭಾರಕ್ಕೆ ಸಂಬಂಧಿಸಿದ್ದು. ಎತ್ತು ಕುದುರೆಗಳ ಕಾಲದ ಮಾತು ಇದೆಂದು ಎಣಿಸಿ ನಾನು ಬಹಳ ವರ್ಷ ಇವುಗಳನ್ನು ಸ್ವಾಧ್ಯಾಯದಲ್ಲಿ ಬೇಗ ಬೇಗ ದಾಟಿಬಿಡುತ್ತಿದ್ದೆ. ಅವು ಇಂದಿನ ಮಾತೂ ಹೌದು, ನನ್ನದೇ ಮಾತೂ ಹೌದು ಎಂಬುದು ಮನವರಿಕೆಯಾದದ್ದು 2019ರಲ್ಲಿ. ಅದೂ ಒಂದು ಮೋಟಾರು ಕಾರಿನ ದೆಸೆಯಿಂದ. ಆ ಕಾರು ನನ್ನದಲ್ಲ, ನನ್ನ ತಮ್ಮನ ಮಗನದು. ಆದರೂ ಈ ಲೇಖನ ಹೆಚ್ಚಾಗಿ ನನ್ನ ಕುರಿತಾಗಿಯೇ ಇದೆ ಎಂಬುದನ್ನು ವಾಚಕರು ಮೊದಲೇ ತಿಳಿದಿರಲಿ.

ನಾವು ಭಾರದ ಸೀಮೆಯವರು. ಶಹಾಬಾದಿನ ನೆಲದೊಳಗಿಂದ ಎದ್ದ ಹಾಸುಗಲ್ಲು ದೇಶದ ಎಷ್ಟೋ ಮನೆ, ಶಾಲೆ, ರೈಲು ನಿಲ್ದಾಣಗಳ ನೆಲವಾಗಿದೆ. ವಾಡಿ, ಸೇಡಂ, ಮಳಖೇಡ ಹಾಗೂ ಚಿತ್ತಾಪುರದ ಸುತ್ತಿನಲ್ಲಿ ಅದೇ ಸುಣ್ಣಗಲ್ಲನ್ನು ಅರೆದು ಸುಟ್ಟು ಸಿಮೆಂಟು ಮಾಡುತ್ತಾರೆ. ಚಿಂಚೋಳಿಯ ಕಡೆಯಿಂದ ಬರುವ ದಾರಿಯಲ್ಲಿಯೂ ಈಗ ಸಿಮೆಂಟು ಲಾರಿಗಳ ಸಾಲೇ. ಇಲ್ಲಿಯ ಪ್ರತಿ ಊರ ಹೊರಗೂ ಲಾರಿ ತೂಗುವ ಕಾಟಾ ಒಂದಿರುತ್ತದೆ. ಹಳಬರು ಅದನ್ನು ದಖನಿ ರೂಢಿಯಂತೆ ‘ಧರ್ಮಕಾಂಟಾ’ ಎನ್ನುತ್ತಾರೆ. ತೂಗುವ ಯಂತ್ರಕ್ಕೆ ಧರ್ಮದ ಹೆಸರನ್ನಿಟ್ಟವರು ಯಾರೋ ತಿಳಿಯದು. ಇಟ್ಟ ಹೆಸರು ಮಾತ್ರ ಯಥಾರ್ಥವಾಗಿದೆ. ತೊಗರಿ ಬೇಳೆಯ ವ್ಯಾಪಾರಿಯಾದ ನಾನು ನಾಲ್ವತ್ತು ವರ್ಷ ಆ ಕಾಟಾದ ಚೀಟಿಯನ್ನು ನಂಬಿಯೇ ಬದುಕಿದವನು.

ತಮ್ಮನ ಮಗ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದಿ, ಉದ್ಯೋಗನಿಮಿತ್ತ ಇಂಗ್ಲೆಂಡಿಗೆ ಹೋಗಿ, ಅಲ್ಲಿಯ ಪೂರ್ವಭಾಗದ ನಾರ್ಫೋಕ್ ಎಂಬ ಜಿಲ್ಲೆಯಲ್ಲಿ ನೆಲೆಸಿದ್ದಾನೆ. ನೇಮದ ಹುಡುಗ; ರಾತ್ರಿಭೋಜನವನ್ನೂ ಗಡ್ಡೆಗೆಣಸುಗಳನ್ನೂ ಅಲ್ಲಿಯೂ ಬಿಟ್ಟಿದ್ದಾನೆ. ಅಂಥವನು ದಿನಬಳಕೆಗೆ ಒಂದು ಕಾರಿದ್ದೂ, ಚಾವಣಿಯಿಲ್ಲದ, ಬಾಗಿಲಿಲ್ಲದ, ಇಬ್ಬರೇ ಕೂರಬಹುದಾದ ಓಟದ ಕಾರೊಂದನ್ನು ಕೊಂಡಿದ್ದಾನೆಂದು ತಿಳಿದು ನನ್ನ ತಮ್ಮ ಕಂಗಾಲಾದನು. ಆ ವರ್ಷ ನಾನೂ ನನ್ನ ಧರ್ಮಪತ್ನಿಯೂ ಅಲ್ಲಿಗೆ ಹೋಗುವವರಿದ್ದೆವು. ಹೊರಡುವ ಹಿಂದಿನ ದಿನ ತಮ್ಮನು ಬಂದು, “ಅಣ್ಣಾ, ದಶಲಕ್ಷಣದಾಗ ಆಕಿಂಚನ್ಯದ ಮ್ಯಾಲೆ ಊರಿಗೆಲ್ಲ ನೀವ ಹೇಳ್ತೀರಿ. ಅವಗೊಂದಿಷ್ಟು ಹೇಳ್ರಿ. ನನ್ನ ಮಾತು ಕೇಳೂದಿಲ್ಲ, ನಿಮ್ಮದು ಕೇಳ್ತಾನ” ಎಂದನು. ಹೀಗೆ ಬೋಧಕನ ಗತ್ತಿನಿಂದಲೇ ನಾನು ವಿಮಾನ ಹತ್ತಿದೆ.

ಆ ಕಾರಿನ ಹೆಸರು ಕೇಟರ್‌ಹ್ಯಾಮ್ ಸೆವೆನ್. ಅದರ ಮೂಲ ತಿಳಿಯಬೇಕಾದರೆ ಕೋಲಿನ್ ಚಾಪ್ಮನ್ ಎಂಬ ಆಂಗ್ಲ ಎಂಜಿನಿಯರರ ವಿಷಯ ಸ್ವಲ್ಪ ಹೇಳಬೇಕು. 1928ರಲ್ಲಿ ಹುಟ್ಟಿ 1982ರಲ್ಲಿ ತೀರಿಕೊಂಡ ಇವರು 1952ರಲ್ಲಿ ಲೋಟಸ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಲೋಟಸ್ ಎಂದರೆ ಕಮಲ, ನಮ್ಮ ಪದ್ಮಪ್ರಭ ತೀರ್ಥಂಕರರ ಲಾಂಛನ. ಉಳಿದ ತಯಾರಕರು ವೇಗಕ್ಕಾಗಿ ದೊಡ್ಡ ಎಂಜಿನನ್ನು ಹುಡುಕುತ್ತಿದ್ದಾಗ ಇವರು ಅನವಶ್ಯಕವಾದದ್ದನ್ನು ಕಿತ್ತುಹಾಕುವ ದಾರಿ ಹಿಡಿದರು. ಎಂಜಿನಿನ ಬಲ ಹೆಚ್ಚಿದರೆ ನೇರ ದಾರಿಯಲ್ಲಿ ಮಾತ್ರ ಲಾಭ. ತೂಕ ಇಳಿದರೆ ಹೊರಡುವಾಗ, ತಿರುಗುವಾಗ, ನಿಲ್ಲುವಾಗ ಎಲ್ಲೆಡೆಯೂ ಲಾಭ ಎಂಬುದು ಅವರ ಸಿದ್ಧಾಂತ. 1957ರಲ್ಲಿ ಅವರು ಹೊರತಂದ ‘ಸೆವೆನ್’ ಈ ಸಿದ್ಧಾಂತದ ನಗ್ನರೂಪವೇ ಸರಿ: ಉಕ್ಕಿನ ಕೊಳವೆಗಳ ಹಂದರ, ಅದಕ್ಕೆ ಹೊದಿಸಿದ ಅಲ್ಯುಮಿನಿಯಂ ತಗಡು, ನಾಲ್ಕು ಚಕ್ರ, ಎರಡು ಆಸನ. 1973ರಲ್ಲಿ ಅದನ್ನು ತಯಾರಿಸುವ ಹಕ್ಕನ್ನು ಕೇಟರ್‌ಹ್ಯಾಮ್ ಎಂಬ ಸಂಸ್ಥೆ ಕೊಂಡುಕೊಂಡು ಇಂದಿಗೂ ಅದೇ ಆಕಾರದಲ್ಲಿ ತಯಾರಿಸುತ್ತಿದೆ.

ನಮ್ಮ ಹುಡುಗನದು ‘270’ ಎಂಬ ಮಾದರಿ. 1.6 ಲೀಟರಿನ ಫೋರ್ಡ್ ಎಂಜಿನು, 135 ಅಶ್ವಶಕ್ತಿ, ತೂಕ ಸುಮಾರು 540 ಕಿಲೋ. ವ್ಯಾಪಾರಿಗಳ ಭಾಷೆಯಲ್ಲಿ ಐದೂವರೆ ಕ್ವಿಂಟಲ್ ತೊಗರಿಗಿಂತ ತುಸು ಕಡಿಮೆ. ಹತ್ತಡಿ ಉದ್ದ, ಒಂಬತ್ತಡಿ ಅಗಲದ ಕೋಣೆಗೆ ಒಂದಂಗುಲ ದಪ್ಪದ ಶಹಾಬಾದ್ ಕಲ್ಲು ಹಾಸಿದರೆ ಆ ಕಲ್ಲಿನ ತೂಕವೂ ಹೆಚ್ಚುಕಡಿಮೆ ಇಷ್ಟೇ ಆಗುತ್ತದೆ. ನಾನು ಬಹುಕಾಲ ಓಡಿಸಿದ ಮಾರುತಿ 800 ನಮ್ಮ ದೇಶದ ಅತಿ ಹಗುರ ಕಾರುಗಳಲ್ಲಿ ಒಂದು. ಅದರ ತೂಕ ಸುಮಾರು 650 ಕಿಲೋ, ಅದರ ಬಲವೋ ನಾಲ್ವತ್ತು ಅಶ್ವಶಕ್ತಿಯೊಳಗೆ. ಎಂದರೆ, ತೂಕಕ್ಕೆ ಹೋಲಿಸಿದ ಬಲದಲ್ಲಿ ಈ ಸೆವೆನ್ ನನ್ನ ಮಾರುತಿಯ ನಾಲ್ಕು ಪಟ್ಟು.

ಇದು ಪರದೇಶದವರ ಹುಚ್ಚು, ನಮಗೇತಕ್ಕೆ ಎಂದು ಯಾರೂ ಭಾವಿಸಬೇಕಾಗಿಲ್ಲ. ಮದ್ರಾಸಿನ ಹತ್ತಿರದ ಶೋಲಾವರಂ ಎಂಬ ಹಳೆಯ ಯುದ್ಧಕಾಲದ ವಿಮಾನಪಟ್ಟಿಯಲ್ಲಿ ದಶಕಗಳ ಕಾಲ ಕಾರು ಓಟಗಳು ನಡೆದವು. ಬೆಂಗಳೂರಿನ ಉದ್ಯಮಿ ವಿಜಯ ಮಲ್ಯರು ಅಲ್ಲಿ ಸ್ವತಃ ಓಟದ ಕಾರು ಓಡಿಸಿದವರು. ಆಮೇಲೆ ಇರುಂಗಾಟ್ಟುಕೋಟೆ, ಕೊಯಮತ್ತೂರು, ಗ್ರೇಟರ್ ನೋಯ್ಡಾಗಳಲ್ಲಿ ಓಟಕ್ಕೆಂದೇ ಪಥಗಳು ನಿರ್ಮಾಣವಾದವು. ನಮ್ಮ ಮಾರುತಿ 800ರ ಎಂಜಿನನ್ನೇ ಕೂರಿಸಿದ, ಒಬ್ಬನೇ ಕೂರುವ ‘ಫಾರ್ಮುಲಾ ಮಾರುತಿ’ ಎಂಬ ಹಗುರ ಗಾಡಿಯಲ್ಲಿ ಎಷ್ಟೋ ತರುಣರು ಓಟ ಕಲಿತರು. ಕೊಳ್ಳುವ ಶಕ್ತಿಯುಳ್ಳ ನಮ್ಮ ಮನೆಗಳ ಮಕ್ಕಳು ಈ ಪ್ರಶ್ನೆಯನ್ನು ಇಂದಲ್ಲ ನಾಳೆ ನಮ್ಮ ಮುಂದೆ ತಂದೇ ತರುತ್ತಾರೆ. ‘ಅದು ಪಾಪ, ಮಾರಿಬಿಡು’ ಎಂಬ ಒಂದೇ ಮಾತಿನಿಂದ ಅವರಿಗೆ ಉತ್ತರ ಸಿಕ್ಕಂತಾಗುವುದಿಲ್ಲ.

ನಾರ್ಫೋಕಿಗೆ ಹೋದ ಎರಡನೆಯ ದಿನ ಹುಡುಗನು ಮನೆಯ ಪಕ್ಕದ ಗ್ಯಾರೇಜಿನ ಬಾಗಿಲು ತೆರೆದು ಕಾರನ್ನು ತೋರಿಸಿದನು. ಅವನು ಅದನ್ನು ಬಿಡಿಭಾಗಗಳಾಗಿ ತರಿಸಿ, ಒಂದು ಚಳಿಗಾಲವೆಲ್ಲ ರಜೆಯ ದಿನಗಳಲ್ಲಿ ಕುಳಿತು ತಾನೇ ಜೋಡಿಸಿದ್ದನು. ಕಂಪನಿಯಿಂದ ಹಾಗೆ ಕೊಳ್ಳುವ ಪದ್ಧತಿ ಮೊದಲಿನಿಂದಲೂ ಇದೆಯಂತೆ. ಆಸನಕ್ಕೂ ಚಾಲನೆಯ ಚಕ್ರಕ್ಕೂ ಚರ್ಮ ಬೇಡವೆಂದು ಬರೆದು ಬಟ್ಟೆಯದನ್ನು ಹಾಕಿಸಿಕೊಂಡಿದ್ದನು. ನಾನು ಮಾತಿಗೆ ಆರಂಭಿಸುವ ಮೊದಲೇ ಅವನು ನನ್ನ ಮನಸ್ಸನ್ನರಿತವನಂತೆ ಹೇಳಿದನು: “ದೊಡ್ಡಪ್ಪಾ, ನೀವ ಹೇಳ್ತಿದ್ರಿ, ಬ್ಯಾಡಾದ್ದು ಒಂದೊಂದ ಬಿಡ್ತಾ ಹೋಗ್ಬೇಕು ಅಂತ. ನೋಡ್ರಿ, ಇದರಾಗ ಎ.ಸಿ. ಇಲ್ಲ, ರೇಡಿಯೋ ಇಲ್ಲ, ಬಾಗಿಲಿಲ್ಲ, ಮ್ಯಾಲೆ ಮುಚ್ಚಿಗೆ ಇಲ್ಲ. ಬ್ಯಾಡಾದ್ದು ಒಂದೂ ಇಲ್ಲ. ಇದು ಅಪರಿಗ್ರಹದ ಕಾರು.”

ನಕ್ಕು ಮುಗಿಸಬಹುದಾದ ಮಾತು. ಆದರೆ ಅದರಲ್ಲಿ ಸತ್ಯದ ಒಂದು ಅಂಶವಿದ್ದುದರಿಂದ ನಗಲಾಗಲಿಲ್ಲ. ನಮ್ಮೂರಲ್ಲಿ ಒಬ್ಬನೇ ಕುಳಿತು ಅಂಗಡಿಗೆ ಹೋಗಲು ಎರಡು ಟನ್ ತೂಕದ ಗಾಡಿ ಕೊಂಡವರನ್ನು ನಾವು ಧರ್ಮಭ್ರಷ್ಟರೆನ್ನುವುದಿಲ್ಲ. ಸಂಘದ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ. ಪ್ರತಿಯೊಂದು ಬೋಲ್ಟನ್ನೂ ಕೈಯಲ್ಲಿ ತೂಗಿ ನೋಡಿ ‘ಇದು ಬೇಕೇ’ ಎಂದು ಕೇಳಿಕೊಂಡ ಹುಡುಗನಿಗೆ ಬೋಧೆ ಮಾಡಲು ನಾನು ಏಳು ಸಾವಿರ ಕಿಲೋಮೀಟರು ಹಾರಿ ಬಂದಿದ್ದೆ.

ಆ ವಾರದ ಕೊನೆಗೆ ಅವನು ನನ್ನನ್ನು ಸ್ನೆಟರ್ಟನ್ ಎಂಬಲ್ಲಿಯ ಓಟದ ಪಥಕ್ಕೆ ಕರೆದುಕೊಂಡು ಹೋದನು. ಅದೂ ಎರಡನೆಯ ಮಹಾಯುದ್ಧದಲ್ಲಿ ಬಾಂಬು ವಿಮಾನಗಳು ಏರುತ್ತಿದ್ದ ನೆಲ. ಒಂದು ಸುತ್ತು ಸುಮಾರು 4.8 ಕಿಲೋಮೀಟರು. ಹಣ ಕಟ್ಟಿದ ಯಾರು ಬೇಕಾದರೂ ತಮ್ಮ ಕಾರನ್ನು ಅಲ್ಲಿ ಓಡಿಸುವ ದಿನಗಳಿರುತ್ತವೆ. ಗದ್ದಲ, ಬಾಜಿ, ಪೈಪೋಟಿಗಳನ್ನು ನಾನು ನಿರೀಕ್ಷಿಸಿದ್ದೆ, ಕಂಡದ್ದು ಬೇರೆ. ಬೆಳಿಗ್ಗೆ ಎಲ್ಲರನ್ನೂ ಕೂಡಿಸಿ ನಿಯಮಗಳನ್ನು ತಿಳಿಸಿದರು. ಇದು ಸ್ಪರ್ಧೆಯಲ್ಲ, ಸುತ್ತಿನ ವೇಳೆಯನ್ನು ಅಳೆಯಕೂಡದು. ಮುಂದಿನವನು ಒಪ್ಪಿ ಸನ್ನೆ ಮಾಡಿದ ಹೊರತು ಯಾರೂ ದಾಟಕೂಡದು. ಶಿರಸ್ತ್ರಾಣವಿಲ್ಲದೆ ಕೂರುವಂತಿಲ್ಲ. ಸದ್ದು ಇಂತಿಷ್ಟು ಡೆಸಿಬೆಲ್ ಮೀರಿದ ಗಾಡಿಗೆ ಪ್ರವೇಶವಿಲ್ಲ. ಹಳದಿ ಬಾವುಟ ಕಂಡರೆ ನಿಧಾನಿಸಬೇಕು, ಕೆಂಪು ಕಂಡರೆ ಓಟ ನಿಲ್ಲಿಸಿ ಮರಳಬೇಕು. ಎಲ್ಲ ಗಾಡಿಗಳೂ ಒಂದೇ ದಿಕ್ಕಿಗೆ ಓಡುತ್ತವೆ. ದಾರಿಯಲ್ಲಿ ಮಕ್ಕಳಿಲ್ಲ, ದನಗಳಿಲ್ಲ, ದೀಪವಿಲ್ಲದೆ ನಿಂತ ಟ್ರ್ಯಾಕ್ಟರಿಲ್ಲ. ಸೇಡಂ ಕಲಬುರಗಿ ದಾರಿಯಲ್ಲಿ ರಾತ್ರಿ ಹೊತ್ತು ಸಿಮೆಂಟಿನ ಟ್ಯಾಂಕರು, ಕಲ್ಲಿನ ಲಾರಿ, ಬೈಕಿನ ಮೇಲೆ ಮೂವರು ಇವರ ನಡುವೆ ಓಡಾಡಿದ ನನಗೆ, ವೇಗವಿದ್ದರೂ ಅಲ್ಲಿ ಯತ್ನಾಚಾರ ಹೆಚ್ಚೆನಿಸಿತು. ಅಷ್ಟನ್ನು ಒಪ್ಪಿಕೊಳ್ಳದಿದ್ದರೆ ಅಸತ್ಯವಾದೀತು.

ನಾನೂ ಶಿರಸ್ತ್ರಾಣ ಧರಿಸಿ ಪಕ್ಕದ ಆಸನದಲ್ಲಿ ಕುಳಿತೆ. ನೆಲ ನನ್ನ ಕೈಗೆಟಕುವಷ್ಟು ಸಮೀಪ. ಮೊದಲ ಸುತ್ತಿನಲ್ಲಿ ಭಯ, ಎರಡನೆಯದರಲ್ಲಿ ಬೆರಗು. ಮೂರನೆಯದರಲ್ಲಿ ‘ಇನ್ನೊಂದು ಸುತ್ತಾಗಲಿ’ ಎಂಬ ಬಯಕೆ. ಅರವತ್ತು ದಾಟಿದ ವ್ರತಿಕ ಶ್ರಾವಕನ ಮನಸ್ಸು ಹದಿನೈದು ನಿಮಿಷದಲ್ಲಿ ಹೀಗಾಯಿತು. ವಸ್ತುವಿನ ಮೇಲಿನ ಮೂರ್ಛೆಯೇ ಪರಿಗ್ರಹವೆಂದು ಉಮಾಸ್ವಾಮಿಗಳು ಏಕೆ ಹೇಳಿದರೆಂಬುದು ನೂರು ಪ್ರವಚನಗಳಿಗಿಂತ ಆ ಮೂರು ಸುತ್ತುಗಳಲ್ಲಿ ಚೆನ್ನಾಗಿ ತಿಳಿಯಿತು. ಕಾರು ನನ್ನದಾಗಿರಲಿಲ್ಲ, ಮೂರ್ಛೆ ಮಾತ್ರ ನನ್ನದೇ ಆಗಿತ್ತು.

ಇಳಿದ ಮೇಲೆ ಹುಡುಗನು ಒದ್ದೆ ಬಟ್ಟೆ ಹಿಡಿದು ಕಾರಿನ ಮೂತಿಯನ್ನು ಒರೆಸತೊಡಗಿದನು. ಅಲ್ಲಿ ಸಣ್ಣ ಸಣ್ಣ ಹುಳುಗಳು ನೂರಾರು ಅಂಟಿದ್ದವು. ಅವನು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಮಳೆಗಾಲದ ಸಂಜೆ ಚಿಂಚೋಳಿಯ ಕಾಡುದಾರಿಯಲ್ಲಿ ಬರುವಾಗ ನನ್ನ ಗಾಡಿಯ ಗಾಜೂ ಹೀಗೆಯೇ ಆಗುವುದುಂಟು. ಊರಿಗೆ ಬಂದು ಮರುದಿನ ಆಳಿನ ಕೈಯಿಂದ ತೊಳೆಸುತ್ತೇನೆ. ಅವನು ತಾನೇ ಒರೆಸಿದನು. ತೊಳೆಸುವವನಿಗೆ ಕಾಣದ್ದು ಒರೆಸುವವನಿಗೆ ಕಾಣುತ್ತದೆ.

ಆ ರಾತ್ರಿ ನಿದ್ರೆ ಬಾರದೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಬಿ.ಕಾಂ. ಓದಿದವನಿಗೆ ಚಿಂತನೆಯೂ ಲೆಕ್ಕದ ರೂಪದಲ್ಲಿಯೇ ಬರುತ್ತದೆ. ಓಡುವ ಗಾಡಿಯ ಆಘಾತಶಕ್ತಿಯು ತೂಕದಷ್ಟು ಪಟ್ಟು, ಆದರೆ ವೇಗದ ವರ್ಗದಷ್ಟು ಪಟ್ಟು. ತೂಕವನ್ನು ಅರ್ಧಕ್ಕಿಳಿಸಿದರೆ ಆಘಾತವೂ ಅರ್ಧವಾಗುತ್ತದೆ. ಆದರೆ ಹಗುರಾಯಿತೆಂದು ವೇಗವನ್ನು ಇಮ್ಮಡಿ ಮಾಡಿದರೆ ಆಘಾತ ಮೊದಲಿಗಿಂತ ಇಮ್ಮಡಿಯಾಗುತ್ತದೆ. ಉಳಿಸಿದ್ದೆಲ್ಲ ಹೋಗಿ ಮೇಲೆ ಸಾಲವೂ ಬಂದಂತೆ. ಒಣ ರಸ್ತೆಯಲ್ಲಿ ಚಾಲಕನು ಎಚ್ಚೆತ್ತು ಬ್ರೇಕು ತುಳಿಯಲು ಒಂದು ಸೆಕೆಂಡು ಬೇಕೆಂದು ಹಿಡಿದರೂ, ಗಂಟೆಗೆ 40 ಕಿಲೋಮೀಟರಿನಲ್ಲಿ ಗಾಡಿ ಸುಮಾರು 20 ಮೀಟರಿನೊಳಗೆ ನಿಲ್ಲುತ್ತದೆ. 80ರಲ್ಲಿ ಸುಮಾರು 58 ಮೀಟರು ಬೇಕು. 160ರಲ್ಲಿ ಸುಮಾರು 190. ಈರ್ಯಾಸಮಿತಿಯುಳ್ಳ ಮುನಿಗಳು ಹಗಲಿನಲ್ಲಿ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುತ್ತಾರೆ, ಏಕೆಂದರೆ ಅಷ್ಟರಲ್ಲಿ ಅವರು ನಿಲ್ಲಬಲ್ಲರು. ಅದೇ ನಿಯಮದಂತೆ ನೋಡಿದರೆ, ನಾವು ಅಂದು ಓಡಿದ ವೇಗಕ್ಕೆ ಮುಂದಿನ ನಾನೂರು ಮೊಳದ ಪ್ರತಿಯೊಂದು ಜೀವಿಯನ್ನೂ ನೋಡಬಲ್ಲ ಕಣ್ಣು ಬೇಕು. ಅಂಥ ಕಣ್ಣು ಯಾರಿಗೂ ಇಲ್ಲ. ಹುಳುಗಳನ್ನು ನಾವು ನೋಡಿಯೇ ಇರಲಿಲ್ಲ.

ಆದ್ದರಿಂದ ಹಗುರತನ ತಾನಾಗಿ ಧರ್ಮವಲ್ಲ. ಏತಕ್ಕಾಗಿ ಹಗುರಾದೆವು ಎಂಬುದೇ ಮುಖ್ಯ. ಸ್ವತಃ ಚಾಪ್ಮನ್ನರ ಕಂಪನಿಯ ಇತಿಹಾಸವೇ ಇದಕ್ಕೆ ಸಾಕ್ಷಿ. ಅವರ ಹಗುರ ಕಾರುಗಳು ಜಗತ್ತಿನ ಓಟಗಳನ್ನು ಗೆದ್ದವು. ಅವು ದುರ್ಬಲವೆಂಬ ಆತಂಕವೂ ಬೆನ್ನಿಗಿತ್ತು. 1970ರ ಸೆಪ್ಟೆಂಬರಿನಲ್ಲಿ ಇಟಲಿಯ ಮೋಂಜಾದಲ್ಲಿ ಯೋಕೆನ್ ರಿಂಟ್ ಎಂಬ ಚಾಲಕರು ಲೋಟಸ್ ಕಾರಿನಲ್ಲಿಯೇ ಮೃತರಾದರು. ಆ ವರ್ಷದ ವಿಶ್ವ ಚಾಂಪಿಯನ್ ಪದವಿ ಅವರಿಗೆ ಮರಣಾನಂತರ ಬಂತು. ಬೇಡವಾದದ್ದನ್ನು ಬಿಡುವುದು ತ್ಯಾಗ; ಇನ್ನಷ್ಟು ಬೇಕೆಂದು ಬಿಡುವುದು ವ್ಯಾಪಾರ. ಹೊರನೋಟಕ್ಕೆ ಎರಡೂ ಒಂದೇ ತೆರನಾಗಿ ಕಾಣುತ್ತವೆ.

ಮರುದಿನ ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅನರ್ಥದಂಡದ ಐದು ಬಗೆಗಳಲ್ಲಿ ಒಂದಾದ ಪ್ರಮಾದಚರ್ಯೆಯಲ್ಲಿ, ಪ್ರಯೋಜನವಿಲ್ಲದೆ ನೆಲ ನೀರು ಬೆಂಕಿ ಗಾಳಿಗಳನ್ನು ಕಲಕುವುದಷ್ಟೇ ಅಲ್ಲ, ಕಾರಣವಿಲ್ಲದೆ ತಿರುಗುವುದನ್ನೂ ತಿರುಗಿಸುವುದನ್ನೂ ಸಮಂತಭದ್ರರು ಸೇರಿಸಿದ್ದಾರೆಂದೆ. ದಿನವೆಲ್ಲ ನೂರೈವತ್ತು ಕಿಲೋಮೀಟರು ಓಡಿ ಹೊರಟಲ್ಲಿಗೇ ಬಂದು ನಿಲ್ಲುವುದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇರೆ ಇಲ್ಲವೆಂದೆ. ಅವನು ಸಮಾಧಾನದಿಂದ ಕೇಳಿದನು. ಬಳಿಕ ಒಂದು ಕಥೆ ಹೇಳಿದನು. ಹಿಂದೆ ಅಲ್ಲಿ ಹೊಸ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳಾಗಿ ಕೊಂಡರೆ ಇರಲಿಲ್ಲ. ಆದರೆ ಜೋಡಿಸುವ ವಿಧಾನದ ಪುಸ್ತಿಕೆ ಕೊಟ್ಟರೆ ತೆರಿಗೆ ಬೀಳುತ್ತಿತ್ತು. ಅದಕ್ಕೆ ಕಂಪನಿಯವರು ಕಾರನ್ನು ಬಿಚ್ಚುವ ವಿಧಾನದ ಪುಸ್ತಿಕೆ ಕೊಡುತ್ತಿದ್ದರಂತೆ. ಕೊಂಡವನು ಅದನ್ನು ಕೊನೆಯಿಂದ ಮೊದಲಿಗೆ ಓದಿ ಜೋಡಿಸಿಕೊಳ್ಳಬೇಕು! ನಾನು ಮನಸಾರೆ ನಕ್ಕೆ. ಮಾರಾಟ ತೆರಿಗೆಯ ಕಾಲದ ವ್ಯಾಪಾರಿಗೆ ಇಂಥ ಜಾಣತನ ರುಚಿಸದೆ ಇದ್ದೀತೆ? ಅವನು ನಗಲಿಲ್ಲ. “ದೊಡ್ಡಪ್ಪಾ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ವ್ರತದ ಪುಸ್ತಕಾನೂ ನಾವು ಹಿಂಗ ಓದೀವೇನು ಅಂತ ನನಗ ಒಮ್ಮೊಮ್ಮೆ ಅನಿಸ್ತದ. 2015ರಾಗ ನಮ್ಮ ಮೂರು ಗೋದಾಮದಾಗ ಏನಿತ್ತು, ನನಗೂ ಗೊತ್ತದ” ಎಂದನು.

ಈಗ ಆ ವಿಷಯವನ್ನು ಬರೆಯಲೇಬೇಕು. ಮುನಿಮಹಾರಾಜರೊಬ್ಬರ ಸನ್ನಿಧಿಯಲ್ಲಿ 2009ರ ಚಾತುರ್ಮಾಸದಲ್ಲಿ ನಾನು ಪರಿಗ್ರಹ ಪರಿಮಾಣ ವ್ರತ ಸ್ವೀಕರಿಸಿದ್ದೆ. ಹೊಲ ಇಷ್ಟು, ಮನೆ ಇಷ್ಟು, ಬಂಗಾರ ಇಷ್ಟು, ದಾಸ್ತಾನು ಇಷ್ಟು, ವಾಹನ ಒಂದು. ಬರೆದ ಮಿತಿಗಳೆಲ್ಲ ಆಗ ನನ್ನಲ್ಲಿದ್ದುದಕ್ಕಿಂತ ಎರಡು ಪಟ್ಟು ಮೇಲಿದ್ದವು. ಎಂದೂ ಮುಟ್ಟಲಾರದ ಗೋಡೆಯನ್ನು ಕಟ್ಟಿ ಅದಕ್ಕೆ ಸಂಯಮವೆಂದು ಹೆಸರಿಟ್ಟಿದ್ದೆ. ಮುಂದೆ ವ್ಯಾಪಾರ ಬೆಳೆದು ಆ ಗೋಡೆಯೂ ಸಮೀಪಿಸಿದಾಗ, ಒಂದು ಗೋದಾಮನ್ನು ಮನೆಯವರ ಹೆಸರಿಗೆ, ಇನ್ನೊಂದನ್ನು ಅವಿಭಕ್ತ ಕುಟುಂಬದ ಖಾತೆಗೆ ಬರೆದೆ. ಆದಾಯ ತೆರಿಗೆಯ ಕಾನೂನು ಅವಿಭಕ್ತ ಕುಟುಂಬವನ್ನು ಬೇರೆ ವ್ಯಕ್ತಿಯಂತೆ ಎಣಿಸುತ್ತದೆ; ವ್ರತದ ಲೆಕ್ಕದಲ್ಲಿಯೂ ನಾನು ಹಾಗೆಯೇ ಎಣಿಸಿಕೊಂಡೆ.

2015ರಲ್ಲಿ ಮಳೆ ಕೈಕೊಟ್ಟು ತೊಗರಿ ಬೇಳೆಯ ಬೆಲೆ ಅಕ್ಟೋಬರಿನ ಹೊತ್ತಿಗೆ ಕಿಲೋಗೆ 200 ರೂಪಾಯಿಯ ಸಮೀಪಕ್ಕೇರಿದ್ದು ಎಲ್ಲರ ನೆನಪಿನಲ್ಲಿದೆ. ತೊಗರಿಯ ಕಣಜವೆನಿಸಿದ ನಮ್ಮ ಜಿಲ್ಲೆಯಲ್ಲಿಯೇ ಕೂಲಿಯವರ ಮನೆಯ ಸಾರು ತಿಳಿಯಾಯಿತು. ಸರಕಾರ ದಾಸ್ತಾನಿಗೆ ಮಿತಿ ವಿಧಿಸಿತ್ತು. ನನ್ನ ಮಾಲು ಮೂರು ಹೆಸರುಗಳಲ್ಲಿ ಮೂರು ಕಡೆ ಇತ್ತು, ಒಂದೊಂದೂ ಮಿತಿಯೊಳಗೆ. ಕಾನೂನಿನ ಕಣ್ಣಿಗೆ ದೋಷವಿಲ್ಲ, ವ್ರತದ ಪಟ್ಟಿಯಲ್ಲಿ ದೋಷವಿಲ್ಲ. ಮುಂದೆ ಹೆಚ್ಚು ಲಾಭ ಬಂದೀತೆಂದು ಧಾನ್ಯ ಕೂಡಿಡುವುದೇ ಅತಿಸಂಗ್ರಹವೆಂದು ನಾನೇ ಸ್ವಾಧ್ಯಾಯದಲ್ಲಿ ಅರ್ಥ ಹೇಳಿದ್ದೆ. ಹೇಳಿದ ವಾರವೂ ಗೋದಾಮಿನ ಬೀಗ ತೆಗೆದಿರಲಿಲ್ಲ. ರಜೆಗೆ ಊರಿಗೆ ಬಂದಿದ್ದ ಹುಡುಗನು ಆಗ ಎಲ್ಲವನ್ನೂ ಕಂಡಿದ್ದನು.

ಅವನ ಕಾರಿನ ವಿಷಯದಲ್ಲಿ ಒಂದು ಸತ್ಯವನ್ನು ನಾನು ಅಂದೇ ಕಂಡುಕೊಂಡೆ. ಕಾರನ್ನು ಹಗುರ ಮಾಡುವವನು ಭಾರವನ್ನು ಇನ್ನೊಬ್ಬರ ಹೆಸರಿಗೆ ಬರೆಯಲಾರ. ಎಡಗಡೆಯ ಭಾರವನ್ನು ಬಲಗಡೆಗೆ ಸರಿಸಿದರೆ ಕಾಟಾದ ಮುಳ್ಳು ಕದಲುವುದಿಲ್ಲ. ತೆಗೆದು ಹೊರಗಿಟ್ಟರೆ ಮಾತ್ರ ಇಳಿಯುತ್ತದೆ. ಅವನು ವೇಗಕ್ಕಾಗಿ ಹಗುರ ಮಾಡಿದ್ದು ತಪ್ಪೇ. ಆದರೆ ನಿಜವಾಗಿ ಹಗುರ ಮಾಡಿದ್ದನು. ನಾನು ಧರ್ಮಕ್ಕಾಗಿ ಹಗುರ ಮಾಡಿದಂತೆ ತೋರಿಸಿ, ಭಾರವನ್ನು ಆಸನದಿಂದ ಆಸನಕ್ಕೆ ಸರಿಸಿದ್ದೆ. ಇಬ್ಬರಲ್ಲಿ ಯಾರ ದೋಷ ಹೆಚ್ಚು ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಊರಿಗೆ ಮರಳಿದ ಮೇಲೆ ಮಳಖೇಡಕ್ಕೆ ಹೋದೆ. ಕಾಗಿಣಾ ನದಿಯ ದಂಡೆಯ ಆ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದುದು ಎಲ್ಲರಿಗೂ ತಿಳಿದದ್ದೇ. ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯರು ಬಡ್ಡಿ, ಬಂಗಾರದ ಮಿಶ್ರಣ, ಪಾಲುಗಾರಿಕೆಗಳ ಲೆಕ್ಕವನ್ನು ಜೈನ ವ್ಯಾಪಾರಿಗಳಿಗೆ ಕೊಟ್ಟುಹೋದರು. ಆ ಅರಸನೋ, ಪರಂಪರೆ ಹೇಳುವಂತೆ, ಕೊನೆಗೆ ರಾಜ್ಯವನ್ನೇ ಕೆಳಗಿಟ್ಟನು. ಲೆಕ್ಕ ಕಲಿತದ್ದನ್ನು ಮಾತ್ರ ನಾವು ಮುಂದುವರಿಸಿದ್ದೇವೆ. ನೇಮಿನಾಥ ಬಸದಿಯಲ್ಲಿ ದರ್ಶನ ಮಾಡಿ, ಮಂಟಪದಲ್ಲಿ ಕುಳಿತು ಹೊಸ ಪಟ್ಟಿ ಬರೆದೆ. ಈ ಸಲ ಹೆಸರುಗಳ ಅಂಕಣವನ್ನೇ ತೆಗೆದುಹಾಕಿದೆ. ನನ್ನ ಮಾತಿನ ಮೇಲೆ ತೆರೆಯುವ, ಮುಚ್ಚುವ ಬೀಗ ಯಾವ್ಯಾವುದೋ ಅದೆಲ್ಲ ನನ್ನದೇ ಎಂದು ಒಂದೇ ಮೊತ್ತ ಮಾಡಿದೆ. ಆ ಮೊತ್ತ ನೋಡಿ ನನಗೇ ನಾಚಿಕೆಯಾಯಿತು. ಮಿತಿಯನ್ನು ಅದರ ಮೇಲಲ್ಲ, ಕೆಳಗೆ ಬರೆದೆ.

ಕೆಳಗೆ ಬರೆದ ಮಿತಿ ನೋಯಿಸುತ್ತದೆ. ಮೇಲೆ ಬರೆದದ್ದು ಎಂದೂ ನೋಯಿಸಿರಲಿಲ್ಲ. ಒಂದು ಗೋದಾಮನ್ನು ಮಾರಿ ಬಂದ ಹಣವನ್ನು ಔಷಧದಾನಕ್ಕೂ ವಿದ್ಯಾದಾನಕ್ಕೂ ಮುಡಿಪಿಟ್ಟೆ. ಸುಗ್ಗಿಯಲ್ಲಿ ಕೊಂಡ ಮಾಲನ್ನು ಆ ಹಂಗಾಮಿನಲ್ಲಿಯೇ ಮಾರುವ ನಿಯಮ ಮಾಡಿಕೊಂಡೆ. ಇದರಿಂದ ನಷ್ಟವಾದ ವರ್ಷಗಳೂ ಇವೆ. ಪಕ್ಕದ ಅಂಗಡಿಯವರ ಲಾಭ ಕಂಡು ಒಳಗೇ ಕುದಿದ ದಿನಗಳೂ ಇವೆ. ಸಮಂತಭದ್ರರು ವಿಸ್ಮಯವನ್ನು ಲೋಭಕ್ಕಿಂತ ಮೊದಲು ಏಕೆ ಇಟ್ಟರೆಂಬುದು ಈಗ ತಿಳಿಯುತ್ತದೆ. ಇನ್ನೊಂದು ನಿವೇಶನದ ವಿಷಯ ಇನ್ನೂ ತೀರ್ಮಾನವಾಗಿಲ್ಲ; ಅದನ್ನು ಮರೆಮಾಚಿ ಈ ಲೇಖನ ಬರೆದರೆ ಮತ್ತೆ ಹಳೆಯ ಪಟ್ಟಿಯೇ ಆದೀತು.

ತಮ್ಮನಿಗೆ ಏನು ಹೇಳಿದೆನೆಂದರೆ, “ನಿನ್ನ ಮಗನಿಗೆ ಹೇಳಬೇಕಾದ್ದು ಹೇಳೀನಿ. ಅವನೂ ನನಗ ಹೇಳಬೇಕಾದ್ದು ಹೇಳ್ಯಾನ” ಎಂದಷ್ಟೇ. ಹುಡುಗನು ಕಾರನ್ನು ಮಾರಲಿಲ್ಲ. ಆದರೆ ಮರುವರ್ಷ ದಶಲಕ್ಷಣದ ಆಕಿಂಚನ್ಯದ ದಿನ ದೂರವಾಣಿ ಮಾಡಿ, ಪಥಕ್ಕೆ ವರ್ಷದಲ್ಲಿ ಎರಡೇ ದಿನ ಹೋಗುವುದಾಗಿಯೂ ಇನ್ನೊಂದು ವಾಹನವನ್ನು ಎಂದೂ ಕೊಳ್ಳುವುದಿಲ್ಲವೆಂದೂ ನಿಯಮ ತೆಗೆದುಕೊಂಡನು. ಅದು ಸಾಕೇ ಎಂದು ಕೇಳಿದನು. ಸಾಲದು ಎಂದೆ. ನನ್ನದೂ ಸಾಲದು ಎಂದೆ.

ನಮ್ಮ ಬಸದಿಗಳ ಟ್ರಸ್ಟುಗಳ ಹಿರಿಯರಲ್ಲಿಯೂ ಒಂದು ವಿನಂತಿ. ವ್ರತ ಸ್ವೀಕರಿಸಿದವರ ಪಟ್ಟಿಯನ್ನು ನಾವು ಸಭೆಯಲ್ಲಿ ಓದುತ್ತೇವೆ, ಹಾರ ಹಾಕುತ್ತೇವೆ. ವರ್ಷಕ್ಕೊಮ್ಮೆ ಸಂವತ್ಸರದ ಪ್ರತಿಕ್ರಮಣದ ಹೊತ್ತಿಗೆ ಪ್ರತಿಯೊಬ್ಬನೂ ತನ್ನ ಪಟ್ಟಿಯನ್ನು ತಾನೇ ಮತ್ತೊಮ್ಮೆ ತೂಗಿ ನೋಡುವ ಪದ್ಧತಿಯನ್ನು ತಂದರೆ ಹಿತವಾದೀತು, ಇನ್ನೊಬ್ಬರಿಗೆ ತೋರಿಸಬೇಕಾಗಿಲ್ಲ. ಟ್ರಸ್ಟಿನ ಆಸ್ತಿಗೂ ಇದೇ ತಕ್ಕಡಿ ಸಲ್ಲಬೇಕೆಂಬುದು ನನ್ನ ನಮ್ರ ಅಭಿಪ್ರಾಯ.

ಮಣ್ಣು ಮೆತ್ತಿದ ಸೋರೆಬುರುಡೆ ನೀರಿನಲ್ಲಿ ಮುಳುಗುತ್ತದೆ, ಮಣ್ಣು ಕರಗಿದಂತೆ ತಾನಾಗಿ ಮೇಲೇಳುತ್ತದೆ ಎಂಬ ದೃಷ್ಟಾಂತವನ್ನು ನಮ್ಮ ಆಚಾರ್ಯರು ಮುಕ್ತಜೀವಕ್ಕೆ ಕೊಟ್ಟಿದ್ದಾರೆ. ಬುರುಡೆಗೆ ಎಂಜಿನಿಲ್ಲ; ಯಾರನ್ನೂ ದಾಟಬೇಕೆಂಬ ಹಟವಿಲ್ಲ. ಹಗುರಾದುದರಿಂದ ಏಳುತ್ತದೆ, ಅಷ್ಟೇ. ಧರ್ಮಕಾಂಟಾದಲ್ಲಿ ಪ್ರತಿ ಲಾರಿಯನ್ನೂ ಎರಡು ಸಲ ತೂಗುತ್ತಾರೆ: ಒಮ್ಮೆ ಖಾಲಿಯಾಗಿ, ಒಮ್ಮೆ ಮಾಲು ತುಂಬಿ. ಖಾಲಿ ತೂಕ ಗೊತ್ತಿಲ್ಲದವನಿಗೆ ಮಾಲಿನ ತೂಕ ಎಂದೂ ತಿಳಿಯುವುದಿಲ್ಲ. ನಾಲ್ವತ್ತು ವರ್ಷ ಆ ಚೀಟಿಗಳನ್ನು ಫೈಲಿಗೆ ಹಾಕಿದ ನಾನು, ನನ್ನ ಖಾಲಿ ತೂಕವನ್ನು ಈಗ ಹುಡುಕುತ್ತಿದ್ದೇನೆ.